ನಾನು ಒತ್ತಿದ ಹಂಚು

ಆರಿಸುವ ಚಟ ನನಗೆ ಚಿಕ್ಕಂದಿನಿಂದ ಅಂಟಿದ್ದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜೋಳ ಹಸನು ಮಾಡಲು ಮೊರ ಹಿಡಿದು ಕುಳಿತೆನೆಂದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮದುವೆಗೆ ಮೊದಲು ಪತ್ರಿಕೆಯಲ್ಲಿ ಬಂದ ರಂಗೋಲಿ, ಅಡುಗೆ, ಒಳ್ಳೆಯ ಮಾತುಗಳನ್ನೆಲ್ಲ ಕತ್ತರಿಸಿ ಹಳೆಯ ನೋಟ್‌ಬುಕ್ಕಿಗೆ ಅನ್ನದ ಅಗುಳಿನಿಂದ ಅಂಟಿಸುತ್ತಿದ್ದೆ. ನಾನು ಮದುವೆಯಾಗಿ ರೋಣಕ್ಕೆ ಬಂದ ಮೇಲೆ ಆ ಪುಸ್ತಕವನ್ನು ತವರಿನ ಇಲಿಗಳು ಹಸನು ಮಾಡಿದವು. ಆಮೇಲೆ ಮೊಬೈಲು ಬಂತು. ಅದರಲ್ಲಿ ಆರಿಸುವ ಕೆಲಸ ನಮ್ಮದಲ್ಲ, ಯಂತ್ರದ್ದು. ಒಮ್ಮೆ, ಖರೇ ಹೇಳುತ್ತೇನೆ, ಒಂದೇ ಒಮ್ಮೆ, ಒಡೆದ ಹಿಮ್ಮಡಿಗೆ ಔಷಧ ಹುಡುಕಿದೆ. ಅಲ್ಲಿಂದ ಮೂರು ತಿಂಗಳು ಕಂಡವರ ಹಿಮ್ಮಡಿಗಳ ದರ್ಶನವಾಯಿತು. ಬೆಳಿಗ್ಗೆ ದೇವರ ಮೋರೆ ನೋಡುವ ಮೊದಲೇ ಯಾವಳದೋ ಹಿಮ್ಮಡಿ!

ಇದರಿಂದ ನನ್ನನ್ನು ಬಿಡಿಸಿದವಳು ಪಕ್ಕದ ಮನೆಯಲ್ಲಿ ಜಂಪರು ಹೊಲಿಯುವ ಮಮತಾಜ. "ಅದನ್ನ ಬಿಡ್ರಿ ಅಕ್ಕಾರ. ಇನ್ನೊಂದ ಐತಿ. ಅದಕ್ಕ ಮಾಲಕನ ಇಲ್ರಿ" ಎಂದಳು. ಮಂದಿ ಫೋಟೋ, ಮಾತು ಹಾಕುವ ಆ ಜಾಲತಾಣ ಒಂದೇ ದೊಡ್ಡ ಸಂತೆಯಲ್ಲವಂತೆ, ಊರೂರಿಗೆ ಒಂದೊಂದು ಕಟ್ಟೆ ಇದ್ದ ಹಾಗೆ. ಒಂದೊಂದು ಕಟ್ಟೆಯನ್ನು ಒಬ್ಬೊಬ್ಬರು ನೋಡಿಕೊಳ್ಳುತ್ತಾರೆ. ನಮ್ಮದನ್ನು ನರಗುಂದದ ನಿವೃತ್ತ ಟೀಚರಮ್ಮ. ಈ ಕಟ್ಟೆಯಲ್ಲಿ ಕುಳಿತೇ ಆ ಕಟ್ಟೆಯ ಮಾತು ಕೇಳಬಹುದು. ನಾವು ಯಾರನ್ನು ಆರಿಸಿಕೊಂಡಿದ್ದೇವೋ ಅವರು ಹೇಳಿದ್ದಷ್ಟೇ ಕಾಣುತ್ತದೆ. ನಮ್ಮವರು ಪೇಪರಿನ ಹಿಂದಿನಿಂದ, "ಮಾಲಕ ಇಲ್ಲದ್ದಕ್ಕ ಹಾಳ ಮನಿ ಅಂತಾರ" ಎಂದರು. "ಮಾಲಕ ಇಲ್ರಿ ಅಣ್ಣಾರ, ಆದ್ರ ಕಸಾ ಹೊಡಿಯಾವ್ರು ಅದಾರ್ರಿ" ಎಂದಳು ಮಮತಾಜ. "ಹಂಗಾರ ನಮ್ಮ ಮನಿಯಂಗ ಆತ ಬಿಡು" ಎಂದು ನಾನು ಸೇರಿಯೇಬಿಟ್ಟೆ.

ಏನು ಹೇಳಲಿ ಆ ಸಂಭ್ರಮವನ್ನು! ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನನ್ನ ನೋಟ್‌ಬುಕ್ಕು ನನಗೆ ಮರಳಿ ಸಿಕ್ಕಿತ್ತು. ಅದೇ ಹೊತ್ತಿಗೆ ಗಜೇಂದ್ರಗಡದಲ್ಲಿ ನನ್ನ ಅಕ್ಕ ನೀಲಕ್ಕ ಅಂಗಳದಲ್ಲಿ ಜಾರಿ ಕಾಲು ಮುರಿದುಕೊಂಡು, ಪ್ಲಾಸ್ಟರಿನೊಳಗೆ ಕಾಲಿಟ್ಟು ಮಲಗಿದಳು. ತಲೆಗೆ ಪೆಟ್ಟಾಗಲಿಲ್ಲ, ಶಿವ ದೊಡ್ಡವನು. ಅವಳನ್ನೂ ಕಟ್ಟೆಗೆ ಸೇರಿಸಿ, "ದಿನಾ ಐದು ಚಲೋ ಚಲೋ ಆರಿಸಿ ಕಳಸ್ತೀನಿ, ಬ್ಯಾಸರಾ ಹೋಗತೈತಿ" ಎಂದು ಮಾತು ಕೊಟ್ಟೆ. ಪೂಜೆ ಮುಗಿಸಿ, ಇರುವೆ ಇಲ್ಲದ ಹೂವು ಆರಿಸುವಷ್ಟೇ ಭಕ್ತಿಯಿಂದ ಕೂಡುತ್ತಿದ್ದೆ. ಮೆಣಸಗಿಯ ಕಡೆ ಮಲಪ್ರಭೆಯ ಮೇಲೆ ಹುಟ್ಟುವ ಸೂರ್ಯ, ಕರುವಿನ ಕಿವಿ ನೆಕ್ಕುವ ಬೆಕ್ಕು, ಯಾರದೋ ಅಜ್ಜಿಯ ಕೌದಿ. ಒಂದು ದಿನ ಆರಿಸುವ ಭರದಲ್ಲಿ ಒಲೆಯ ಮೇಲಿನ ರೊಟ್ಟಿಯೇ ಸೀದುಹೋಯಿತು. ಅದರ ಫೋಟೋವನ್ನೂ ಕಟ್ಟೆಗೆ ಹಾಕಿದೆ. ಆ ಹೊತ್ತಿನ ಉಮೇದೇ ಹಾಗಿತ್ತು.

ಪ್ರತಿ ಚಿತ್ರದ ಕೆಳಗೆ ಎರಡು ಗುಂಡಿ. ಒಂದು 'ಗುರುತಿಡು'. ಒತ್ತಿದರೆ ಅಕ್ಕನಿಗೆ ಹೋಗುತ್ತದೆಂದು ತಿಳಿದು, ಒಳ್ಳೆಯದು ಕಂಡಾಗಲೆಲ್ಲ ಅದನ್ನು ಒತ್ತುತ್ತಿದ್ದೆ. ಇನ್ನೊಂದರಲ್ಲಿ ಎರಡು ಬಾಣಗಳು ಒಂದರ ಹಿಂದೊಂದು ಸುತ್ತುತ್ತಿದ್ದವು. ಕೆಳಗೆ 'ಹಂಚು' ಎಂದು ಬರೆದಿತ್ತು. ನಮ್ಮ ಕಡೆ ಹಂಚು ಎಂದರೆ ರೊಟ್ಟಿ ಬೇಯಿಸುವ ಹಂಚು. ಬಾಣಗಳೋ, ರೊಟ್ಟಿಯನ್ನು ತಿರುವಿ ಹಾಕುವ ಹಾಗೆಯೇ ಇದ್ದವು. ಅಡುಗೆಯವರಿಗೆಂದೇ ಇಟ್ಟಿದ್ದಾರೆ, ಎಂಥ ತಿಳಿವಳಿಕೆಯ ಜನ ಎಂದು ಕೊಂಡಾಡಿ, ಎಲ್ಲಿ ರೊಟ್ಟಿ ಕಂಡರೂ ಮೆಚ್ಚುಗೆಗೆ ಒಮ್ಮೆ ಹಂಚು ಒತ್ತುತ್ತಿದ್ದೆ.

ಮೂರು ವಾರವಾದರೂ ಅಕ್ಕನಿಂದ ಹೂಂ ಇಲ್ಲ, ಉಹೂಂ ಇಲ್ಲ. ನನ್ನ ಎದೆ ಒಡೆಯಿತು. ಹೋದ ವರ್ಷ ಅವಳ ಹೋಳಿಗೆ ದಪ್ಪವಾಗಿದೆ ಎಂದಿದ್ದೆ. ಅದನ್ನೇ ಹಿಡಿದುಕೊಂಡು ನನ್ನೊಡನೆ ಮಾತು ಬಿಟ್ಟಳೆ? ಇರುವವಳು ಒಬ್ಬಳೇ ಅಕ್ಕ. ಕೊನೆಗೆ ಸೋತು ನಾನೇ ಫೋನು ಹಚ್ಚಿದೆ.

"ಅಕ್ಕಾ, ನಿನ್ನ ಸಲುವಾಗಿ ಆರಿಸಿ ಆರಿಸಿ ಕಳಸ್ತೀನಿ. ಒಂದರೆ ಚಲೋ ಐತಿ ಅನಬಾರದೇನ?"

"ನಾಚಿಕಿ ಆಗಂಗಿಲ್ಲೇನ ಗಂಗೂ ನಿನಗ? ಕಾಲ ಮುರಕೊಂಡ ಬಿದ್ದಾಕಿಗೆ ದಿನಾ ರೊಟ್ಟಿ ತೋರಸ್ತಿ! ಇಲ್ಲಿ ನಿಮ್ಮ ಭಾವ ಮೂರೂ ಹೊತ್ತ ಉಪ್ಪಿಟ್ಟ ಮಾಡಿ ಹಾಕಾಕತ್ತಾರ. ಅದನ್ನ ನುಂಗೂದು, ನಿನ್ನ ರೊಟ್ಟಿ ನೋಡೂದು. ಹೋಳಿಗಿ ದಪ್ಪ ಅಂದದ್ದ ಸಾಲಲಿಲ್ಲೇನ?"

"ಯಾವ ರೊಟ್ಟಿಯವ್ವಾ? ನಾ ಸೂರ್ಯ ಹುಟ್ಟೂದ ಕಳಿಸೀನಿ!"

"ನನಗ ಬಂದಿದ್ದೆಲ್ಲಾ ರೊಟ್ಟಿನ."

ಗೋಡೆಯಾಚೆಗಿದ್ದ ಮಮತಾಜಳನ್ನು ಕೂಗಿದೆ. ಕೊರಳಿಗೆ ಟೇಪು ಹಾಕಿಕೊಂಡೇ ಬಂದವಳು, ಫೋನು ನೋಡಿ ನಕ್ಕು ನಕ್ಕು ಕಟ್ಟೆಯ ಮೇಲೆ ಕುಸಿದಳು, ಈ ಸಲ ನಿಜವಾದ ಕಟ್ಟೆಯ ಮೇಲೆ. ಗುರುತಿಟ್ಟದ್ದು ನನಗೊಬ್ಬಳಿಗೇ ಕಾಣುವುದಂತೆ. ಹಂಚಿದ್ದು ಊರಿಗೆಲ್ಲ. ಪ್ರತಿ ಸೋಮವಾರ ಗುಡಿಯಲ್ಲಿ ಪ್ರಸಾದ ಹಂಚುವ ನನಗೆ ಹಂಚುವುದೆಂದರೆ ಏನೆಂದು ಹೊಳೆಯಲಿಲ್ಲ! "ಅಕ್ಕಾರ, ನಿಮ್ಮ ಹಿಂದ ಅರವತ್ತ ಮಂದಿ ಆಗ್ಯಾರ್ರೀ. ರೊಟ್ಟಿ ಅಕ್ಕಾರು ಅಂತ ಹೆಸರ ಇಟ್ಟಾರ" ಎಂದಳು. ಯಾವುದೋ ದೂರದ ಕಟ್ಟೆಯವರೊಬ್ಬರು 'ಇಂದಿನ ರೊಟ್ಟಿ ಇನ್ನೂ ಬಂದಿಲ್ಲ' ಎಂದು ವಿಚಾರಿಸಿದ್ದರು.

ಮರುದಿನ ಬುಟ್ಟಿ ತುಂಬ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಕಟ್ಟಿಕೊಂಡು ಗಜೇಂದ್ರಗಡದ ಬಸ್ಸು ಹತ್ತಿದೆ. ಅಕ್ಕ ಒಂದು ತಿಂದಳು, ಎರಡು ತಿಂದಳು, ಮೂರನೆಯದನ್ನು ಮುರಿಯುತ್ತ, "ಸ್ವಲ್ಪ ದಪ್ಪ ಆಗ್ಯಾವ" ಎಂದಳು. ನನಗೆ ಸ್ವರ್ಗವೇ ಸಿಕ್ಕಿತು, ಅವಳ ಸಿಟ್ಟು ಇಳಿದಿತ್ತು. ಗುರುತಿಟ್ಟಿದ್ದ ನೂರರಷ್ಟು ಚಿತ್ರಗಳನ್ನು ಒಂದೊಂದಾಗಿ ತೋರಿಸಿದೆ. ಕರುವಿನ ಬೆಕ್ಕಿಗೆ ಅವಳು ಪ್ಲಾಸ್ಟರು ಅಲುಗುವಂತೆ ನಕ್ಕಳು. ಆಮೇಲೆ, "ಇನ್ನ ಆ ರೊಟ್ಟಿನೂ ತೋರಸು, ಈಗ ಹೊಟ್ಟಿ ತುಂಬೈತಿ" ಎಂದಳು.

ನೋಡುತ್ತ ಹೋದಂತೆ ನನಗೆ ಜಂಭವೇ ಬಂತು. ಕೈ ತಪ್ಪಿ ಒತ್ತಿದ್ದರೂ ಆರಿಸಿದ್ದು ನನ್ನ ಕಣ್ಣೇ ಅಲ್ಲವೆ? ಎಲ್ಲವೂ ಚಂದ್ರನ ಹಾಗೆ ದುಂಡಗೆ, ಬಿಳಿ ಬಿಳಿ. ಹರಳೊಂದೂ ಇಲ್ಲ. ಅಷ್ಟರಲ್ಲಿ ಚಾಳೀಸು ಹಾಕಿಕೊಳ್ಳದ ಅಕ್ಕ ಬೆರಳಿಟ್ಟು ನಿಲ್ಲಿಸಿದಳು.

"ಇದೊಂದ ನೋಡ, ಕರ್ರಗ ಇದ್ದಲಿ ಆಗೈತಿ. ಯಾವ ಮುಕ್ಕಿ ಮಾಡ್ಯಾಳೋ, ಧ್ಯಾನ ಎಲ್ಲಿತ್ತೋ ಆಕಿದು!"

ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರೇ ಇತ್ತು. "ಯಾರೋ ದೂರದ ಕಟ್ಟೀಯಾಕಿ ಇರಬೇಕ ಬಿಡಕ್ಕ" ಎಂದು ಲಗೂನೆ ಮುಂದಿನ ರೊಟ್ಟಿಗೆ ಸರಿಸಿದೆ. ಸುಳ್ಳು ಹೇಳಿದ್ದಕ್ಕೆ ಈ ಸೋಮವಾರ ಒಂದು ದೀಪ ಹೆಚ್ಚಿಗೆ ಹಚ್ಚಿದ್ದೇನೆ.