ಲೋಟದ ಕಾಫಿ ಆರುವ ಲೆಕ್ಕ

ಗಂಡ ಹೆಂಡತಿ ಒಂದೇ ಊರಿನಲ್ಲಿರುವುದು ಸರ್ಕಾರಿ ನೌಕರರ ಪಾಲಿಗೆ ಪೂರ್ವಜನ್ಮದ ಪುಣ್ಯ. ನಾವು ಅಷ್ಟು ಪುಣ್ಯ ಮಾಡಿರಲಿಲ್ಲ. ಮದುವೆಯಾದಾಗ ನಾನು ಹಾಸನದಲ್ಲಿ ಪಾಲಿಟೆಕ್ನಿಕ್ ಮೇಷ್ಟ್ರು. ಹೆಂಡತಿ ವಿಮಲ ಅರಕಲಗೂಡಿನ ಆಚೆಯ ಹಳ್ಳಿಯಲ್ಲಿ ಟೀಚರು. ಹಾಸನದಿಂದ ದಿನಾ ಹೋಗಿಬರಲು ಬಸ್ಸಿನ ಅನುಕೂಲವಿಲ್ಲದೆ ಅವಳು ಅರಕಲಗೂಡಿನಲ್ಲೇ ಮನೆ ಮಾಡಿದ್ದಳು. ಸೋಮವಾರ ಹಾಸನಕ್ಕೆ ಬಂದಿಳಿದ ಗಳಿಗೆಯಿಂದಲೇ ನಾನು ಶನಿವಾರದ ದಾರಿ ಕಾಯುತ್ತಿದ್ದೆ.

ಇಂಥವನು ಎಂ.ಟೆಕ್. ಓದಲು ಹೋಗಬಾರದಿತ್ತು. ಹೋದೆ. ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ ಹೇಗೆ ಆರುತ್ತದೆಂದು ಕಂಪ್ಯೂಟರಿನಲ್ಲಿ ಕಂಡುಹಿಡಿಯುವುದು ನನ್ನ ಪ್ರಾಜೆಕ್ಟು; ಅವಳ ಕೈಯ ಕಾಫಿ ನೆನಪಾಗಿಯೇ ಆರಿಸಿಕೊಂಡಿರಬೇಕು. ಸಾಫ್ಟ್‌ವೇರು ಲೋಟವನ್ನೂ ಕಾಫಿಯನ್ನೂ ಸಾವಿರಾರು ಚೂರು ಮಾಡಿಕೊಳ್ಳುತ್ತದೆ. ಬಿಸಿ ಎಷ್ಟೆಂದು ತಿಳಿಯದೆ ಲೋಟದೊಳಗೆ ಕಾಫಿಯ ಹರಿವು ತಿಳಿಯದು, ಹರಿವು ತಿಳಿಯದೆ ಬಿಸಿ ತಿಳಿಯದು. ಎರಡನ್ನೂ ಒಟ್ಟಿಗೆ ಹಿಡಿದು, ಉತ್ತರ ಒಂದು ಕಡೆ ನಿಲ್ಲುವ ತನಕ ಚೂರುಚೂರಿಗೂ ಲೆಕ್ಕ ಹಾಕುತ್ತಲೇ ಇರುತ್ತದೆ. ಹಾಸನದಲ್ಲೇ ಇದ್ದ ಕಾಲೇಜಿನ ಲ್ಯಾಬು ನನಗೆ ಬಿಡುವಾಗಿ ಸಿಗುತ್ತಿದ್ದುದು ವಾರದ ಕೊನೆಗೆ ಮಾತ್ರ. ಅರ್ಧ ಲೆಕ್ಕ ಆಗುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಮತ್ತೆ ಮೊದಲಿಂದ.

ಹೀಗೆ ಶನಿವಾರಗಳು ತಪ್ಪುತ್ತ ಹೋದವು. ಒಂದು ದಿನ ವಿಮಲ ಬೂತಿನಿಂದ ಲ್ಯಾಬಿಗೆ ಫೋನು ಮಾಡಿದಳು.

"ಈ ವಾರನಾದ್ರೂ ಬತ್ತೀರಾ?"

"ಓಡ್ತಾ ಇದೆ ಕಣೇ. ಬಿಟ್ಟು ಬರೋ ಹಾಗಿಲ್ಲ."

"ಏನು ಓಡ್ತಾ ಐತೆ?"

"ಕಾಫಿ."

"ಓಡೋದನ್ನ ನೀವು ಕಾಯ್ತಾ ಕೂತಿದೀರ. ನಾನು ಇಲ್ಲೇ ನಿಂತಿದೀನಿ," ಎಂದು ಫೋನು ಇಟ್ಟಳು.

ಆ ಶನಿವಾರ ಶಾಲೆ ಮುಗಿಸಿಕೊಂಡು ತಾನೇ ಲ್ಯಾಬಿಗೆ ಬಂದುಬಿಟ್ಟಳು. ಪಕ್ಕದ ಸ್ಟೂಲಿನ ಮೇಲೆ ಕೂತು ಪರದೆ ನೋಡಿದಳು. ಕೆಂಪಿರುವುದು ಬಿಸಿ, ನೀಲಿ ಇರುವುದು ತಣ್ಣಗೆ ಎಂದು ವಿವರಿಸಿದೆ.

"ಇದು ಆರಕ್ಕೆ ಎಷ್ಟೊತ್ತು ಬೇಕು?"

"ನಾಳೆ ಬೆಳಗಿನ ತನಕ."

"ನಮ್ಮನೇಲಿ ನೀವು ಪೇಪರ್ ಓದೋಷ್ಟರಲ್ಲಿ ಆರೋಯ್ತದೆ."

ಅಷ್ಟರಲ್ಲಿ ಕರೆಂಟು ಹೋಯಿತು. "ಓಯ್ತು ಸಾ," ಎಂದು ಅಟೆಂಡರು ಸಾವಿನ ಸುದ್ದಿ ತಿಳಿಸುವವನಂತೆ ಹೇಳಿದ. ನನಗೆ ದುಃಖವೇ ಆಗಲಿಲ್ಲ. ಕರೆಂಟು ಮತ್ತೆ ಬಂದೀತೆಂಬ ಭಯದಲ್ಲಿ, ಅವಳ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡುವ ಹಾಗೆ ನಡೆದೆ.

ಪ್ರಾಜೆಕ್ಟು ಕೊನೆಗೂ ಮುಗಿಯಿತು, ಪದವಿ ಬಂತು. ಆಮೇಲೆ, ಬೇಡಿ ಬೇಡಿ ಸುಸ್ತಾಗಿದ್ದ ವಿಮಲಳಿಗೆ ಹಾಸನಕ್ಕೆ ವರ್ಗವಾಯಿತು. ಅದರ ಬೆನ್ನಿಗೇ, ಪದವಿಯ ದೆಸೆಯಿಂದ, ನನಗೆ ಬಡ್ತಿ ಸಿಕ್ಕಿತು. ಬೀದರಿಗೆ. ಅವಳ ಸಾಮಾನು ಹಾಸನದಲ್ಲಿ ಇಳಿಸಿದ ದಿನವೇ ನಾನು ಪೆಟ್ಟಿಗೆ ಹಿಡಿದು ಹೊರಟೆ.

"ಇನ್ನೊಂದು ಡಿಗ್ರಿ ಮಾತ್ರ ಮಾಡ್ಬೇಡಿ ಕಣ್ರೀ," ಎಂದಳು ಬಾಗಿಲಲ್ಲಿ ನಿಂತು. "ಆಮೇಕೆ ಡೆಲ್ಲಿಗೇ ಆಕ್ತಾರೆ."

ನಗಲು ಆಗಲಿಲ್ಲ. ಬೆಂಗಳೂರಿನ ಬಸ್ಸು ಚನ್ನರಾಯಪಟ್ಟಣ ದಾಟುವ ತನಕ ನನ್ನ ಪದವಿಗೆ ನಾನೇ ಶಾಪ ಹಾಕುತ್ತ ಕೂತಿದ್ದೆ. ಆಮೇಲೆ ಪಕ್ಕದ ಸೀಟಿನವರು, "ಏನು ಕೆಲ್ಸ ಸಾ ನಿಮ್ದು?" ಎಂದು ಕೇಳಿದರು. ಅವರಿಗೆ ಪದವಿಯ ಸಮೇತ ಹೇಳಿದೆ.