ಕುಳಿತುಕೊಳ್ಳದ ಕೂದಲು

ಎಲ್ಲಕ್ಕೂ ಮೂಲ ತಲೆ ಬಾಚುವ ಒಂದು ಕರಿಯ ರಬ್ಬರಿನ ಹಣಗಿ. ಹುಬ್ಬಳ್ಳಿಯ ಪೇಟೆಯಿಂದ ಅದನ್ನು ತಂದುಕೊಟ್ಟವನು ನಾಗಪ್ಪ. ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಅವನೂ ಮಹಾಲಿಂಗಪ್ಪನೂ ಅಕ್ಕಪಕ್ಕದ ಗಾದಿಯ ಗುಮಾಸ್ತರು. ಇಬ್ಬರಿಗೂ ಇದ್ದ ಕೆಲಸ ಒಂದೇ. ಅದನ್ನು ಮಾಡುತ್ತಿದ್ದವನು ಮಾತ್ರ ಮಹಾಲಿಂಗಪ್ಪ.

ಅದು 1938ರ ಸಂಕ್ರಾಂತಿ ಕಳೆದ ವಾರ. ಹಿರೇಕೆರೂರಿನ ವ್ಯಾಪಾರಸ್ಥ ಚನ್ನವೀರಪ್ಪನವರು ಮಗಳಿಗೆ ವರನನ್ನು ನೋಡಲು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಜೊತೆಗೆ ಫೋಟೋ ಹಿಡಿಯುವವನನ್ನೂ ಕರೆತರುತ್ತೇವೆಂದು ಹೇಳಿ ಕಳಿಸಿದ್ದರು. ಮಹಾಲಿಂಗಪ್ಪನಿಗೆ ಮೂವತ್ತು ತುಂಬಿತ್ತು. ಹಿಂದೆ ಬಂದ ಎರಡು ಸಂಬಂಧಗಳಲ್ಲಿ ಒಂದು ಅವನ ಬಣ್ಣ ನೋಡಿ ತಿರುಗಿ ಹೋಗಿತ್ತು, ಇನ್ನೊಂದು ಪಗಾರ ಕೇಳಿ. ಚನ್ನವೀರಪ್ಪನವರು ಈ ಎರಡನ್ನೂ ವಿಚಾರಿಸಿರಲಿಲ್ಲ. “ಹುಡುಗನ ತಲಿಗೂದ್ಲಾ ಹೆಂಗದಾವು?” ಎಂದಷ್ಟೇ ಕೇಳಿದ್ದರಂತೆ. ಕೂದಲಿನ ಮಟ್ಟಿಗೆ ಮಹಾಲಿಂಗಪ್ಪ ಶ್ರೀಮಂತ. ದೇವರು ಉಳಿದ ಕಡೆ ಮಾಡಿದ ಉಳಿತಾಯವನ್ನೆಲ್ಲ ಅವನ ತಲೆಯ ಮೇಲೆ ಹಾಕಿದ್ದ.

“ಹುಡುಗಿ ಮುಲ್ಕಿ ಪರೀಕ್ಷಾ ಪಾಸಾಗ್ಯಾಳ,” ಎಂದು ನಾಗಪ್ಪ ಹಿಂದಿನ ದಿನವೇ ಎಚ್ಚರಿಸಿದ್ದ. “ಎಣ್ಣಿ ಹಚ್ಚಿದ ತಲಿ ಕಂಡ್ರ ಆಕಿಗೆ ಓಕರಿಕಿ ಬರ್ತೈತಂತ. ಸಾಬಾಣ ಹಚ್ಚಿ ತೊಳಕೊ. ಒಣಾ ಕೂದ್ಲಾ ಈ ಹಣಗಿಲೆ ಹಿಂದಕ್ಕ ಬಾಚು. ಫೋಟೋದಾಗ ಮುಂಬೈ ಸಾಹೇಬ ಕಂಡಂಗ ಕಾಣ್ತಿ ನೋಡು.”

ಇಷ್ಟು ಹೇಳುವಷ್ಟರಲ್ಲಿ ನಾಗಪ್ಪನ ತಲೆಯ ಎಣ್ಣೆ ಅವನ ಕಿವಿಯವರೆಗೆ ಇಳಿದಿತ್ತು.

ಬೆಳಿಗ್ಗೆ ಮಹಾಲಿಂಗಪ್ಪ ಸಾಬಾಣ ಸವೆಯುವವರೆಗೆ ತಲೆ ತೊಳೆದ. ತಾಯಿ ವೀರವ್ವ ಎಣ್ಣೆಯ ಬಾಟಲಿ ಹಿಡಿದು ಬಂದಳು.

“ಒಂದ ಹನಿ ಹಚ್ಚಲೇನೋ ಮಾಲಿಂಗಾ?”

“ಬ್ಯಾಡಬೇ ಯವ್ವಾ! ಸಂಬಂಧ ಕೆಡಸ್ತಿಯೇನು?”

ಕುತ್ತಿಗೆಗೆ ಸುತ್ತುವ ಉಣ್ಣೆಯ ಗಲಪಟ್ಟಿಯಿಂದ ತಲೆಯನ್ನು ಗಸಗಸ ಉಜ್ಜಿ ಒರೆಸಿ, ಕನ್ನಡಿಯ ಮುಂದೆ ನಿಂತು ಹೊಸ ಹಣಗಿಯನ್ನು ಎಳೆದ. ಕಡಲೆ ಹುರಿದಂತೆ ಚಟಚಟ ಸಪ್ಪಳವಾಯಿತು. ಕೂದಲು ಹಿಂದಕ್ಕೆ ಹೋಗಲಿಲ್ಲ, ಮೇಲಕ್ಕೆದ್ದಿತು. ಅವನು ಮತ್ತೆ ಬಾಚಿದ. ಇನ್ನಷ್ಟು ಎದ್ದಿತು. ಸಿಟ್ಟಿನಿಂದ ಬಾಚಿದ. ಕನ್ನಡಿಯಲ್ಲಿ ನಾಯಿ ಕಂಡ ಮುಳ್ಳುಹಂದಿಯೊಂದು ಅವನನ್ನೇ ನೋಡುತ್ತಿತ್ತು. ನೀರು ಹಚ್ಚಿದರೆ ಕೂರುತ್ತಿತ್ತು, ಒಣಗಿಸಿ ಬಾಚಿದರೆ ಮತ್ತೆ ಏಳುತ್ತಿತ್ತು. ಬಾಚುವುದಕ್ಕೂ ಏಳುವುದಕ್ಕೂ ಏನಾದರೂ ಸಂಬಂಧವಿದ್ದೀತೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಒಲೆಗೆ ಕೆಂಡ ಕೇಳಲು ಬಂದ ಪಕ್ಕದ ಮನೆಯ ಹಾಲವ್ವ ಬಾಗಿಲಲ್ಲೇ ಕೈಮುಗಿದಳು. ಆಕೆಗೆ ಕಿವಿ ಮಂದ. ಆದರೆ ಕಿವಿ ಮಾಡದ ಕೆಲಸವನ್ನು ಬಾಯಿ ತೂಗಿಸಿಕೊಂಡು ಹೋಗುತ್ತಿತ್ತು.

“ಯವ್ವಾ ವೀರವ್ವಾ! ನಿನ್ನ ಮಗನ ಮೈಯಾಗ ದೇವ್ರ ಬಂದೈತಿ! ತಂದೆ, ನಮ್ಮ ಕರೀ ಎಮ್ಮಿ ನಿನ್ನೆಯಿಂದ ಕಾಣವಲ್ದು. ಯಾವ ಕಡೆ ಹೋಗೈತಿ ಹೇಳ್ರಿ!”

“ಬಾಚಾಕತ್ತೇನಬೇ ನಾನು, ಸುಮ್ನಿರು!” ಎಂದು ಮಹಾಲಿಂಗಪ್ಪ ಚೀರಿದ.

“ಬಂಕಾಪುರಕ್ಕ ಹೊಂಟೈತಾ?” ಎಂದು ಹಾಲವ್ವ ಅಡ್ಡಬಿದ್ದಳು. ಆಕೆಯ ಗಂಡ ಆ ಕ್ಷಣವೇ ಬಂಕಾಪುರದ ಹಾದಿ ಹಿಡಿದ. ಎಮ್ಮೆ ಆಗ ಅವರದೇ ಹಿತ್ತಲಲ್ಲಿ, ಬಣವೆಯ ಮರೆಯಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು.

ಸುದ್ದಿ ಕೇಳಿ ಓಣಿಯ ಮಂದಿ ಕೂಡಿದರು. ನಾಗಪ್ಪನೂ ಗಿರಣಿ ಬಿಟ್ಟು ಓಡಿಬಂದ. ಗಿರಣಿ ಬಿಡುವುದಕ್ಕೆ ಅವನಿಗೆ ಇದಕ್ಕಿಂತ ಸಣ್ಣ ಕಾರಣವೂ ಸಾಕಾಗುತ್ತಿತ್ತು.

“ಮೆತ್ತಗ ಬಾಚಿದ್ರ ಹಿಂಗ ಆಗೂದ. ಜೋರ್ಲೆ ಬಾಚಬೇಕು,” ಎಂದು ಹಣಗಿ ಕಸಿದುಕೊಂಡು ತಾನೇ ಜೋರಾಗಿ ಎಳೆದ. ಅದುವರೆಗೆ ಕುಳಿತಿದ್ದ ಹಿಂಭಾಗದ ಕೂದಲೂ ಎದ್ದು ನಿಂತಿತು.

“ಒಂದ ಹನಿ ಎಣ್ಣಿ...” ಎಂದಳು ವೀರವ್ವ.

“ಎಣ್ಣಿ ಸುದ್ದಿ ತಗೀಬ್ಯಾಡ್ರಿ, ಚಿಗವ್ವ!” ಎಂದ ನಾಗಪ್ಪ.

ಆಗ ಗುಂಪನ್ನು ಸರಿಸಿಕೊಂಡು ಗುಡ್ಡಪ್ಪ ಮುಂದೆ ಬಂದ. ತಂತಿ ಕಂಬ ಹತ್ತುವ ನೌಕರಿಯಲ್ಲಿ ಮುಪ್ಪಾಗಿ ಊರಿಗೆ ಮರಳಿದವನು. ಅಕ್ಕಿಆಲೂರಿನಲ್ಲಿ ವಿದ್ಯುತ್ತಿನ ಬಗ್ಗೆ ಮಾತನಾಡುವ ಹಕ್ಕು ಅವನೊಬ್ಬನದೇ. ಊರಿಗೆ ವಿದ್ಯುತ್ತು ಇನ್ನೂ ಬಂದಿರಲಿಲ್ಲವಾದ್ದರಿಂದ ಅವನ ಮಾತು ತಪ್ಪೆಂದು ತೋರಿಸುವವರೂ ಇರಲಿಲ್ಲ. ಬೆರಳು ಚಾಚಿ ಕೂದಲು ಮುಟ್ಟಿದ. ಚಟ್ಟೆಂದಿತು. ಬೆರಳನ್ನು ಬಾಯಲ್ಲಿಟ್ಟುಕೊಂಡು ತೀರ್ಪು ಕೊಟ್ಟ:

“ದೇವ್ರೂ ಅಲ್ಲ, ದಿಂಡ್ರೂ ಅಲ್ಲ. ಇದು ಕರಂಟು. ತಲ್ಯಾಗ ತುಂಬೈತಿ, ನೆಲಕ್ಕ ಇಳಸಬೇಕು. ನಮ್ಮ ತಂತಿ ಕೆಲಸದಾಗ ಇದಕ್ಕ ಇಂಗ್ಲೀಷಿನ್ಯಾಗ ಅರ್ತ ಕೊಡೂದು ಅಂತಾರ.”

ಮನೆಯಿಂದ ಸರಕಾರಿ ತಂತಿಯ ತುಂಡೊಂದನ್ನು ತಂದ. ಅದು ಅವನ ಮನೆಗೆ ಹೇಗೆ ಬಂದಿತ್ತೆಂಬುದು ಈ ಕತೆಗೆ ಬೇಕಾಗಿಲ್ಲ. ಒಂದು ತುದಿಯನ್ನು ಮಹಾಲಿಂಗಪ್ಪನ ಕೂದಲಿಗೆ ಸುತ್ತಿ, ಇನ್ನೊಂದು ತುದಿಯನ್ನು ಬಚ್ಚಲ ಹಸಿ ಮಣ್ಣಿನಲ್ಲಿ ಹುಗಿಯಲು ಹೊರಟ. ತಂತಿ ಮೊಳದಷ್ಟು ಸಾಲಲಿಲ್ಲ. ಹುಡುಗನನ್ನು ಬಚ್ಚಲ ಕಡೆ ಸರಿಸುವ ಬದಲು ಅವನು ತಂತಿಗಾಗಿ ಒದರತೊಡಗಿದ:

“ಅರ್ತ ಕೊಡ್ರಿ! ಲಗೂನ ಅರ್ತ ಕೊಡ್ರಿ!”

ಅಷ್ಟರಲ್ಲಿ ವೀರವ್ವನಿಗೆ ನೆರವಾಗಲೆಂದು ಅಡುಗೆಮನೆ ಸೇರಿ ಬೀಗರಿಗೆಂದು ಆರತಿ ಸಿದ್ಧ ಮಾಡುತ್ತಿದ್ದ ಹಾಲವ್ವನಿಗೆ ಅಂದು ಮೊದಲ ಸಲ ಒಂದು ಮಾತು ಸ್ಪಷ್ಟವಾಗಿ ಕೇಳಿಸಿತು.

“ನಾ ಹೇಳ್ಲಿಲ್ಲೇನು, ದೇವ್ರಂತ! ಆರತಿ ಕೇಳಾಕತ್ತೈತಿ!”

ಐದು ಬತ್ತಿಯ ಹಿತ್ತಾಳೆ ತಟ್ಟೆಯನ್ನು ಹಿಡಿದು ಬಂದವಳೇ ಮಹಾಲಿಂಗಪ್ಪನ ತಲೆಗೆ ಎತ್ತಿದಳು. ಬೆಳಗಿನಿಂದ ಹಣಗಿಯ ಮಾತು, ನೀರಿನ ಮಾತು, ನಾಗಪ್ಪನ ಮಾತು ಯಾವುದನ್ನೂ ಕೇಳದಿದ್ದ ಕೂದಲು ಈಗ ಬಹಳ ವಿಧೇಯತೆಯಿಂದ ತಟ್ಟೆಯ ಕಡೆಗೆ ಬಾಗಿತು. ಚರ್ರ್ ಎಂದಿತು. ವೀರವ್ವ ಕೊಡ ನೀರು ಸುರಿಯುವಷ್ಟರಲ್ಲಿ ನಡುನೆತ್ತಿ ಹೊಗೆಯಾಡುತ್ತಿತ್ತು.

ಕ್ಷೌರದ ಲಕ್ಕಪ್ಪ ಬಂದು ತಲೆಯನ್ನು ಅತ್ತಿತ್ತ ಹೊರಳಿಸಿ ನೋಡಿದ. “ನಡುವ ಪೂರಾ ಸುಟ್ಟೈತ್ರಿ. ಸುತ್ತ ಬಿಟ್ರ ಒಡ್ಡು ಹಾಕಿದ ಕೆರಿ ಕಂಡಂಗ ಕಾಣ್ತೈತಿ. ಎಲ್ಲಾ ತಗದಬಿಡಲೇನ್ರಿ?”

ಅವನು ಕತ್ತಿ ಒರೆಸಿಕೊಳ್ಳುವಾಗ ಬೀದಿಯ ತಿರುವಿನಲ್ಲಿ ಬಸ್ಸಿನ ಭೋಂಪು ಕೇಳಿಸಿತು.

ಚನ್ನವೀರಪ್ಪನವರು ಪಡಸಾಲೆಯ ಜಮಖಾನೆಯ ಮೇಲೆ ಕುಳಿತು, ಎದುರಿಗೆ ಹೊಳೆಯುತ್ತಿದ್ದ ಬೋಳುತಲೆಯನ್ನು ಬಹಳ ಹೊತ್ತು ನೋಡಿದರು.

“ಹುಡುಗ ಎಲ್ಲಿ ಅದಾನ್ರಿ?”

“ಇಂವನ ನೋಡ್ರಿ,” ಎಂದಳು ವೀರವ್ವ ಸೆರಗಿನ ಮರೆಯಿಂದ.

ಗೆಳೆಯನ ಮಾನ ಉಳಿಸಲೆಂದು ನಾಗಪ್ಪ ನಡೆದದ್ದನ್ನೆಲ್ಲ ವಿವರವಾಗಿ ಹೇಳಿದ. ದೇವರು ಬಂದದ್ದನ್ನೂ ಬಿಡಲಿಲ್ಲ, ಎಮ್ಮೆಯನ್ನೂ ಬಿಡಲಿಲ್ಲ.

“ಅಲ್ಲೋ ತಮ್ಮಾ,” ಎಂದರು ಚನ್ನವೀರಪ್ಪ, “ಒಂದ ಹನಿ ಎಣ್ಣಿ ತಿಕ್ಕಿದ್ರ ಕುಂತ ಬಿಡ್ತಿದ್ವು.”

“ನಿಮ್ಮ ಮಗಳಿಗೆ ಎಣ್ಣಿ ಕಂಡ್ರ ಆಗೂದಿಲ್ಲಂತ...” ಎಂದ ಮಹಾಲಿಂಗಪ್ಪ.

“ಯಾವಾಂವ ಹೇಳ್ದ ನಿಂಗ? ನಮ್ಮ ಮನ್ಯಾಗ ಒಲಿ ಹತ್ತೂದ ಎಣ್ಣಿ ಮ್ಯಾಲ!”

ನಾಗಪ್ಪ ಮಾಳಿಗೆಯ ತೊಲೆಗಳನ್ನು ಪರೀಕ್ಷಿಸತೊಡಗಿದ.

ಚನ್ನವೀರಪ್ಪನವರು ಕೈಚೀಲದಿಂದ ಹಸಿರು ಬಾಟಲಿಯೊಂದನ್ನು ತೆಗೆದಿಟ್ಟರು. ಹೊಸದಾಗಿ ಕೇಶತೈಲದ ವ್ಯಾಪಾರ ಶುರುಮಾಡಿದ್ದರು. ಬಾಟಲಿಯ ಮೇಲೆ ಅಂಟಿಸಲು ಸೊಂಪಾದ ಕೂದಲಿನ ಒಂದು ಫೋಟೋ ಬೇಕಾಗಿತ್ತು. “ಹೊರಗಿನವರಿಗೆ ರೊಕ್ಕಾ ಕೊಡಬೇಕಾಗ್ತೈತಿ. ಅಳಿಯಾ ಆದ್ರ ಪುಕ್ಕಟ ಆತಲ್ಲ,” ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ ಮತ್ತೊಮ್ಮೆ ಬೋಳುತಲೆಯನ್ನು ನೋಡಿದರು. ಮುಖದಲ್ಲಿ ಏನೋ ಬೆಳಕು ಮೂಡಿತು.

“ಏ ಫೋಟೋದವನ, ಹೂಡು ನಿನ್ನ ಡಬ್ಬಿ! ಕುಂತಕೊ ತಮ್ಮಾ ಕುರ್ಚಿ ಮ್ಯಾಲ. ಮಾರಿ ಸಣ್ಣದ ಮಾಡು. ಹಾಂ, ಹಂಗ!”

ಮಹಾಲಿಂಗಪ್ಪ ಲಗುಬಗೆಯಿಂದ ಕುರ್ಚಿ ಏರಿದ. ಬೋಳುತಲೆಯನ್ನೂ ಒಪ್ಪುವ ಇಂಥ ಮಾವ ಯಾರಿಗೆ ಸಿಗುತ್ತಾನೆ! ಮುಖ ಸಣ್ಣದು ಮಾಡಲು ಅವನಿಗೆ ಬಹಳ ಕಷ್ಟವಾಯಿತು. ವೀರವ್ವ ಸಕ್ಕರೆ ಹಂಚಲು ಒಳಗೆ ಓಡಿದಳು.

“ಆತು, ಏಳು,” ಎಂದು ಚನ್ನವೀರಪ್ಪನವರು ಗೋಡೆಗೆ ಒರಗಿ ನಿಂತಿದ್ದ, ಎಣ್ಣೆಯಿಂದ ಮಿರಿಮಿರಿ ಮಿಂಚುವ ಇನ್ನೊಂದು ತಲೆಯತ್ತ ತಿರುಗಿದರು. “ನೀ ಯಾರಪಾ? ನಿಂದು ಲಗ್ನ ಆಗೈತೇನು?”

“ಇನ್ನೂ ಇಲ್ರಿ,” ಎಂದ ನಾಗಪ್ಪ. ಅವನು ಅಷ್ಟು ನಾಚಿದ್ದನ್ನು ಗಿರಣಿಯಲ್ಲಿ ಯಾರೂ ಕಂಡಿರಲಿಲ್ಲ.

“ನೀನೂ ಕುಂದ್ರು.”

ಮಳೆಗಾಲದ ಹೊತ್ತಿಗೆ ಹಸಿರು ಬಾಟಲಿ ಹಾನಗಲ್, ಶಿಗ್ಗಾಂವಿ, ಸವಣೂರಿನ ಸಂತೆಗಳಿಗೆಲ್ಲ ಬಂದಿತು. ಮೇಲೆ ಎರಡು ಫೋಟೋಗಳು. ಎಡಕ್ಕೆ ಮಹಾಲಿಂಗಪ್ಪ: ‘ಹಚ್ಚುವ ಮೊದಲು’. ಬಲಕ್ಕೆ ನಾಗಪ್ಪ: ‘ಹಚ್ಚಿದ ಮೇಲೆ’. ಅಷ್ಟರಲ್ಲಿ ನಾಗಪ್ಪ ಆ ಮನೆಯ ಅಳಿಯನೂ ಆಗಿದ್ದ. ಇತ್ತ ಮಹಾಲಿಂಗಪ್ಪನ ಕೂದಲು ತನ್ನಷ್ಟಕ್ಕೆ ತಾನು ಬೆಳೆದು ಮೊದಲಿನಂತಾಗಿತ್ತು. ಅವನು ಸಂತೆಗೆ ಹೋದಾಗಲೆಲ್ಲ ಮಂದಿ ಬಾಟಲಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿ, “ಏ, ಖರೇನ ಬಂದಾವಲ್ಲೋ!” ಎಂದು ಅಂಗಡಿಗೆ ನುಗ್ಗುತ್ತಿದ್ದರು. ಅಲ್ಲ ಎಂದು ಹೇಳಿದರೆ ನಂಬುವವರಿರಲಿಲ್ಲ.

ಗೆಳೆತನದ ನೆನಪಿಗೆ ನಾಗಪ್ಪ ಒಂದು ಬಾಟಲಿ ಪುಕ್ಕಟೆ ಕಳಿಸಿದ. ವೀರವ್ವ ಅದರ ಬಿರಡೆ ತೆಗೆದು ಮಗನ ಹಿಂದೆ ಬಂದು ನಿಂತಳು.

“ಒಂದ ಹನಿ ಹಚ್ಚಲೇನೋ ಮಾಲಿಂಗಾ?”

“ಹಚ್ಚಬೇ,” ಎಂದು ಅವನು ತಲೆ ಬಗ್ಗಿಸಿದ.

ಕೂದಲು ಕೂಡಲೇ ಕುಳಿತಿತು. ಹಸೆಮಣೆಯ ಮೇಲೆ ಮಹಾಲಿಂಗಪ್ಪ ಮಾತ್ರ ಇನ್ನೂ ಕುಳಿತಿಲ್ಲ.