ಮೌಶಿಗೆ ಹೆದರುವ ವೆಬ್‌ಸೈಟು

ನಮ್ಮ ಮೌಶಿ ಕಂಪ್ಯೂಟರಿಗೆ ಬೈಯುತ್ತಾಳೆ. ಅದರಲ್ಲೇನು ವಿಶೇಷ, ನಾವೂ ಬೈಯುತ್ತೇವಲ್ಲ ಎನ್ನಬೇಡಿ! ನಾವು ಬೈದರೆ ಅದು ಕಲ್ಲಿನ ಹಾಗೆ ಕೂತಿರುತ್ತದೆ. ಮೌಶಿ ಬೈದರೆ ತಿದ್ದಿಕೊಳ್ಳುತ್ತದೆ. ತಿದ್ದಿಕೊಳ್ಳದಿದ್ದರೆ ಆಕೆ ಅದನ್ನು ಮಾಡಿದವರನ್ನೇ ಹುಡುಕಿಕೊಂಡು ಹೋಗುತ್ತಾಳೆ. ಆಮೇಲೆ ಮಾಡಿದವರೂ ಕಂಪ್ಯೂಟರೂ ಒಟ್ಟಿಗೆ ತಿದ್ದಿಕೊಳ್ಳುತ್ತಾರೆ.

ಮೌಶಿ ಎಂದರೆ ನನ್ನ ಅವ್ವನ ತಂಗಿ. ನಾವು ವಿಜಯಪುರದ ಕಡೆಯವರು. ಹೈದರಾಬಾದಿಗೆ ಬಂದು ನೆಲೆಸಿ ಎಷ್ಟೋ ಕಾಲವಾಯಿತು. ಮೌಶಿ ಕೂಸಿದ್ದಾಗಲೇ ಜ್ವರ ಬಂದು ಎರಡೂ ಕಣ್ಣು ಹೋದವು. ಬೇಗಂಪೇಟೆಯ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ದುಡಿದು ನಿವೃತ್ತಳಾದಳು. ಸಾಹೇಬರು ‘ಹಲೋ’ ಎಂದರೆ ಸಾಕು, ಬೆಳಿಗ್ಗೆ ಮನೆಯಲ್ಲಿ ಜಗಳವಾಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳಂತೆ. ಈಗ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ನಮ್ಮ ಮನೆಯ ಮಹಡಿಯ ಮೇಲೆ ಒಬ್ಬಳೇ ಇದ್ದಾಳೆ. ಒಬ್ಬಳೇ ಎಂದೆನೆಂದು ಮರುಗಬೇಡಿ. ಮರುಗಲು ಬಂದವರನ್ನು ಆಕೆ ಮೆಟ್ಟಿಲಿನಿಂದಲೇ ವಾಪಸು ಕಳಿಸುತ್ತಾಳೆ.

ಮೌಶಿಯ ಫೋನು ಮಾತಾಡುತ್ತದೆ. ಪರದೆಯ ಮೇಲೆ ಬೆರಳಿಟ್ಟಲ್ಲಿ ಏನು ಬರೆದಿದೆಯೋ ಅದನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಅದರೊಳಗಿದೆ. ಹೇಳುತ್ತದೆ ಎಂದೆನೆ? ಇಲ್ಲ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸಿಡಿಯುತ್ತದೆ! ಸಾವಧಾನವಾಗಿ ಓದಿಸಿಕೊಳ್ಳಲು ಮೌಶಿಗೆ ಪುರುಸೊತ್ತಿಲ್ಲ. ಅದರ ವೇಗವನ್ನು ತುದಿಗೇರಿಸಿ ಇಟ್ಟಿದ್ದಾಳೆ. ನಮ್ಮಂಥವರಿಗೆ ಒಂದು ಪದವೂ ಹತ್ತುವುದಿಲ್ಲ. ಒಮ್ಮೆ ಪಕ್ಕದ ಮನೆಯಾಕೆ ಅದನ್ನು ಕೇಳಿ ಗಾಬರಿಯಾಗಿ, ‘‘ಫೋನ್ ಕೆಟ್ಟೈತ್ರಿ, ರಿಪೇರಿಗೆ ಕೊಡ್ರಿ’’ ಎಂದಳು.

‘‘ಫೋನ್ ಛಲೋ ಐತ್ರಿ,’’ ಎಂದಳು ಮೌಶಿ, ‘‘ನಿಮ್ಮ ಕಿವಿ ಭಾಳ ಸಾವಕಾಶ ಅದಾವ.’’

ಇಲ್ಲಿ ನಮ್ಮ ಕಡೆಯವರದೊಂದು ಸಣ್ಣ ಸಂಘವಿದೆ. ಸಂಕ್ರಾಂತಿಗೆ ಎಳ್ಳು ಹಂಚುವುದು, ಸೋಮವಾರ ಭಜನೆ, ವರ್ಷಕ್ಕೊಮ್ಮೆ ಜೋಳದ ರೊಟ್ಟಿಯ ಊಟ, ಆಮೇಲೆ ರೊಟ್ಟಿ ಕಡಿಮೆ ಬಿತ್ತೆಂದು ವರ್ಷವಿಡೀ ಜಗಳ. ಈ ಸಂಘದ ಕಾರ್ಯದರ್ಶಿಗಳಿಗೆ ಒಂದು ದಿನ ವೆಬ್‌ಸೈಟ್ ಮಾಡಿಸುವ ಹುಕಿ ಬಂತು. ಮಾಡಿಸಿದರು. ತೆರೆದರೆ ಸಾಕು, ಮೇಲಿಂದ ಗುಲಾಬಿ ಎಸಳು ಉದುರುತ್ತಿದ್ದವು. ಎಸಳು ಉದುರಿ ಮುಗಿಯುವವರೆಗೆ ಕೆಳಗಿನದೇನೂ ಕಾಣುತ್ತಿರಲಿಲ್ಲ. ನೋಡಿದವರೆಲ್ಲ ವಾಹ್ ವಾಹ್ ಎಂದರು.

ಮೌಶಿ ಸದಸ್ಯತ್ವ ನವೀಕರಿಸಲು ಹೋದಳು. ವೆಬ್‌ಸೈಟು ಆಕೆಯನ್ನು ಆ ಪುಟದ ಬಾಗಿಲಲ್ಲೇ ತಡೆಯಿತು. ನೀವು ಮನುಷ್ಯರೆಂದು ಖಾತ್ರಿಯಾಗಬೇಕು, ಬಸ್ಸು ಇರುವ ಚಿತ್ರಗಳನ್ನು ಒತ್ತಿ ಎಂದಿತು. ಮೌಶಿ ಕಾರ್ಯದರ್ಶಿಗಳಿಗೆ ಫೋನು ಹಚ್ಚಿದಳು.

‘‘ನಾ ಮನಷ್ಯಾಳು ಹೌದೋ ಅಲ್ಲೋ ಅಂತ ನಿಮ್ಮ ಯಂತ್ರಕ್ಕ ಸಂಶಯ ಬಂದೈತ್ರಿ. ನೀವು ನಮ್ಮ ಮನ್ಯಾಗ ಉಂಡೀರಿ. ನೀವರ ಒಂದು ಸಾಕ್ಷಿ ಹೇಳ್ರಿ!’’

‘‘ಅದು ಎಲ್ಲಾರಿಗೂ ಹಂಗ ಕೇಳತೈತ್ರಿ, ಮೌಶಿ.’’ ಸಂಘದವರಿಗೆಲ್ಲ ಆಕೆ ಮೌಶಿಯೇ.

‘‘ಕೇಳಲಿ, ಬ್ಯಾಡ ಅನ್ನಂಗಿಲ್ಲ. ಬಸ್ಸಿನ ಚಿತ್ರ ಯಾಕ ತೋರಸತೈತಿ? ಬಸ್ಸಿನ ಸಪ್ಪಳ ಕೇಳಸಲಿ. ಯಾವ ಡಿಪೋದ್ದು ಅಂತನೂ ಹೇಳತೀನಿ!’’

ಕಾರ್ಯದರ್ಶಿಗಳು ನಕ್ಕು, ನೋಡೋಣ ಎಂದು ಫೋನಿಟ್ಟರು. ನಮ್ಮಲ್ಲಿ ನೋಡೋಣ ಎಂದರೆ ಏನೆಂದು ನಿಮಗೆ ಗೊತ್ತೇ ಇದೆ.

ಇಷ್ಟರವರೆಗೆ ಇದು ನಗುವ ಮಾತು. ಮುಂದಿನದು ಅಲ್ಲ.

ನಮ್ಮ ಜನ ಏನು ಸುದ್ದಿಯಿದ್ದರೂ ಪೋಸ್ಟರು ಮಾಡಿಸುತ್ತಾರೆ. ತೊಟ್ಟಿಲಿಗೆ ಪೋಸ್ಟರು, ಮದುವೆಗೆ ಪೋಸ್ಟರು, ಮನೆ ಕಟ್ಟಿದರೆ, ಮಗ ಪಾಸಾದರೆ, ಪಕ್ಕದ ಮನೆಯವನ ಮಗ ಪಾಸಾದರೂ ಪೋಸ್ಟರು! ಅಕ್ಷರಗಳೆಲ್ಲ ಚಿತ್ರದೊಳಗೇ ಸೇರಿಹೋಗಿರುತ್ತವೆ. ವೆಬ್‌ಸೈಟಿನ ಸುದ್ದಿ ಪುಟದ ತುಂಬ ಇವೇ. ಅವುಗಳ ಮೇಲೆ ಬೆರಳಿಟ್ಟರೆ ಮೌಶಿಯ ಫೋನು ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಏನು ಚಿತ್ರ, ಯಾರ ಚಿತ್ರ, ದೇವರಿಗೇ ಗೊತ್ತು. ಆದರೆ ಮೌಶಿ ರೀತಿ ರಿವಾಜು ಬಿಡುವವಳಲ್ಲ. ಜನರ ಸಂತೋಷಕ್ಕೆ ಒಂದು ಮಾತು ಹೇಳದೆ ಇರುವುದುಂಟೆ? ಪ್ರತಿ ಚಿತ್ರದ ಕೆಳಗೂ ‘ಹಾರ್ದಿಕ ಶುಭಾಶಯಗಳು’ ಎಂದು ಬಾಯಲ್ಲಿ ಹೇಳಿ ಫೋನಿನಿಂದಲೇ ಬರೆಸುತ್ತಿದ್ದಳು.

ಒಂದು ದಿನ ಹೊಸ ಚಿತ್ರ ಬಂತು. ಮೌಶಿ ಹುರುಪಿನಲ್ಲಿದ್ದಳು. ‘ಹಾರ್ದಿಕ ಶುಭಾಶಯಗಳು. ಊಟಕ್ಕ ಏನೇನ ಮಾಡಸೀರಿ?’ ಎಂದು ಬರೆಸಿದಳು.

ಅದು ಗೌರಾಬಾಯಿ ತೀರಿಕೊಂಡ ಸುದ್ದಿಯ ಪೋಸ್ಟರು.

ಗೌರಾಬಾಯಿ ಮೌಶಿಯ ಗೆಳತಿ. ಸೋಮವಾರದ ಭಜನೆಯಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಹಾಡುತ್ತಿದ್ದರು. ಆಕೆ ಮಗನ ಮನೆಗೆಂದು ಬಾಲಾನಗರಕ್ಕೆ ಹೋದ ಮೇಲೆ ಇಬ್ಬರೂ ಕೂಡಿ ಹಾಡುವುದು ನಿಂತರೂ ಫೋನು ನಿಂತಿರಲಿಲ್ಲ. ಆಕೆಯ ಮಗ ಪೋಸ್ಟರು ಹಾಕಿದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದುಕೊಂಡ. ಎಲ್ಲರಿಗೂ ಗೊತ್ತಾಯಿತು ಕೂಡ. ನಾವು ಮನೆಮಂದಿ ಊರಿಗೆ ಮದುವೆಗೆ ಹೋಗಿದ್ದೆವು. ಮಾರನೆಯ ದಿನ ಕಾರ್ಯದರ್ಶಿಗಳು ಸಿಟ್ಟಿನಿಂದ ಫೋನು ಮಾಡಿ ‘‘ಏನ್ ಬರದೀರಿ ಮೌಶಿ ಇದು!’’ ಎಂದಾಗಲೇ ಮೌಶಿಗೆ ತಿಳಿದದ್ದು. ಅಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು.

ನಾವು ಬಂದಾಗ ಮೌಶಿ ಅಳುತ್ತಿರಲಿಲ್ಲ. ಫೋನು ಬಂದ್ ಮಾಡಿ, ಪಲ್ಲಂಗದ ಮೇಲೆ ಕೈಕಟ್ಟಿ ಕೂತಿದ್ದಳು. ನನಗೆ ಅಳು ಬಂತು. ಆಕೆ, ‘‘ಸಂಘದ ಸಭಾ ಯಾವತ್ತೈತಿ, ನೋಡು’’ ಎಂದಳು.

ಸಭೆಯಲ್ಲಿ ಮೌಶಿ ಎದ್ದು ನಿಂತಳು. ‘‘ಗೌರಿ ಮಣ್ಣಿಗೆ ನನಗ ಹೋಗಾಕ ಆಗಲಿಲ್ಲ. ಇನ್ನ ಮ್ಯಾಲೆ ಯಾರ ಸುದ್ದಿನೂ ನನಗ ತಪ್ಪಬಾರದು. ಎಲ್ಲಾರಿಗೂ ಗೊತ್ತಾದಾಗನ ನನಗೂ ಗೊತ್ತಾಗಬೇಕು. ನಾ ಕುರುಡಿ ಅನ್ನೂದು ನಿಮಗ ಗೊತ್ತೈತಿ. ನಾ ಓದತೀನಿ ಅನ್ನೂದು ಗೊತ್ತಿಲ್ಲ. ಅಷ್ಟ ನಿಮ್ಮ ತಪ್ಪು.’’

ಕಾರ್ಯದರ್ಶಿಗಳು ತಲೆ ಕೆರೆದುಕೊಂಡರು. ‘‘ಆದರೂ ನಿಮ್ಮೊಬ್ಬರ ಸಲುವಾಗಿ ಇಡೀ ವೆಬ್‌ಸೈಟ್ ಬದಲಿ ಮಾಡಾಕ ಆಗತೈತೇನ್ರಿ?’’

‘‘ಒಬ್ಬಾಕೀ ಸಲುವಾಗಿ? ಹೋಗಲಿ, ರೊಟ್ಟಿ ಊಟದ ಪೋಸ್ಟರ್ ನೀವ ಒಂದೀಟ ಓದ್ರಿ, ಕೇಳೂಣು.’’

ಹಳದಿಯ ಮೇಲೆ ಬಿಳಿ ಅಕ್ಷರ. ಕಾರ್ಯದರ್ಶಿಗಳು ಫೋನನ್ನು ಮೂಗಿನ ಹತ್ತಿರ ತಂದರು. ಕೈ ಚಾಚಿ ದೂರ ಹಿಡಿದರು. ಕಿಸೆ ತಡಕಿದರು. ಕೊನೆಗೆ ಪಕ್ಕದವರ ಕನ್ನಡಕ ಇಸಕೊಂಡು, ‘‘ಸಂಜೆ... ಐದೋ ಆರೋ...’’ ಎಂದರು. ಸಭೆಯ ಹಿಂದಿನಿಂದ ಖಜಾಂಚಿಯವರ ದನಿ ಬಂತು: ‘‘ನನಗೂ ಕಾಣಸೂದಿಲ್ರಿ. ಹೇಳಾಕ ನಾಚಿಕಿ ಆಗತಿತ್ತು.’’ ಪಾರ್ಶ್ವವಾಯು ಬಡಿದು ಕೈ ನಡುಗುವ ಹಿರಿಯರೊಬ್ಬರು, ಒತ್ತಬೇಕೆಂದ ಅಕ್ಷರ ಬೆರಳು ಮುಟ್ಟುವ ಮೊದಲೇ ಓಡಿಹೋಗುತ್ತದೆ ಎಂದರು. ಕಿವಿ ಕೇಳಿಸದ ಅಜ್ಜಿಯೊಬ್ಬರು, ಅಧ್ಯಕ್ಷರ ವಿಡಿಯೋದಲ್ಲಿ ಬಾಯಿ ಅಲ್ಲಾಡುವುದು ಮಾತ್ರ ಕಾಣುತ್ತದೆ ಎಂದರು. ನೋಡನೋಡುತ್ತಿದ್ದಂತೆ ಅರ್ಧ ಸಭೆ ಮೌಶಿಯ ಪಕ್ಷಕ್ಕೆ ಬಂದುಬಿಟ್ಟಿತು! ಉಳಿದರ್ಧ ಚಹಾ ಕುಡಿಯಲು ಹೋಗಿತ್ತು.

ವೆಬ್‌ಸೈಟ್ ಮಾಡಿದಾತನ ಆಫೀಸು ಬೇಗಂಪೇಟೆಯಲ್ಲಿ. ಮೌಶಿ, ಕಾರ್ಯದರ್ಶಿಗಳು, ನಾನು ಆಟೋದಲ್ಲಿ ಹೋದೆವು. ಆತ ತೆಲುಗಿನವನು, ಒಳ್ಳೆಯ ಮನುಷ್ಯ. ‘‘ಅಮ್ಮಾ, ಡಿಸೈನ್ ಚಾಲಾ ಬಾಗುಂದಿ ಕದಾ!’’ ಎಂದು, ಡಿಸೈನು ಎಷ್ಟು ಚೆಂದವಿದೆ ನೋಡಿ ಎಂಬ ಹೆಮ್ಮೆಯಿಂದ ಕಂಪ್ಯೂಟರನ್ನು ಮೌಶಿಯ ಕಡೆ ತಿರುಗಿಸಿದ. ಆಮೇಲೆ ನೆನಪಾಗಿ ನನ್ನ ಕಡೆ ತಿರುಗಿಸಿದ.

‘‘ಬೇಟಾ, ಪರದಾ ಬಂದ್ ಕರೋ,’’ ಎಂದಳು ಮೌಶಿ ತನ್ನ ಹೈದರಾಬಾದಿ ಹಿಂದಿಯಲ್ಲಿ. ‘‘ಮೌಸ್ ಭೀ ನಿಕಾಲೋ. ಅಬ್ ಮೇರಾ ಸದಸ್ಯತ್ವ ಭರೋ.’’

ಆತ ಪರದೆ ಆರಿಸಿದ, ಮೌಸ್ ತೆಗೆದಿಟ್ಟ, ಓದುವ ದನಿಯನ್ನು ಹಚ್ಚಿ ಕೀಲಿ ಒತ್ತತೊಡಗಿದ. ‘ಬಟನ್’ ಎಂದಿತು ದನಿ. ಇನ್ನೊಂದು ಒತ್ತಿದ. ‘ಬಟನ್.’ ಮತ್ತೊಂದು. ‘ಬಟನ್.’ ಯಾವುದು ಏನು ಮಾಡುತ್ತದೆಂದು ಯಾವುದಕ್ಕೂ ಹೆಸರಿಲ್ಲ!

‘‘ಇದೇನ ವೆಬ್‌ಸೈಟೋ, ದರ್ಜಿ ಅಂಗಡಿಯೋ?’’ ಎಂದಳು ಮೌಶಿ.

ಆತ ಬೆವೆತುಹೋದ. ತಾನೇ ಕಟ್ಟಿದ ಮನೆಯಲ್ಲಿ ಬಾಗಿಲು ಸಿಗದೆ ತಡಕಾಡುತ್ತಿದ್ದ. ಎಲ್ಲೆಲ್ಲಿಯೋ ಒತ್ತಿ, ಕೊನೆಗೆ ಪರದೆ ಹಚ್ಚಿ ನೋಡಿದರೆ ಮೌಶಿಯ ಹೆಸರು ವರ ಬೇಕಾಗಿದ್ದಾರೆ ಎಂಬ ಪುಟದಲ್ಲಿ ಕೂತಿತ್ತು. ಕಾರ್ಯದರ್ಶಿಗಳು ನಗು ತಡೆಯಲಾರದೆ ಹೊರಗೆ ಹೋದರು. ಮೌಶಿ ಮಾತ್ರ, ‘‘ಇರಲಿ, ಯಾರರ ಕೇಳಿದ್ರ ಹೇಳ್ರಿ’’ ಎಂದಳು. ಆತ ಅವತ್ತೇ ಗುಲಾಬಿ ಎಸಳು ತೆಗೆದ. ಬಸ್ಸಿನ ಚಿತ್ರ ತೆಗೆದ. ಗುಂಡಿಗಳಿಗೆ ಹೆಸರಿಟ್ಟ, ಅಕ್ಷರಗಳನ್ನು ದಪ್ಪ ಮಾಡಿದ. ಈಗಲೂ ಏನಾದರೂ ಬದಲಾಯಿಸಿದರೆ ಮೊದಲು ಮೌಶಿಗೆ ಫೋನು ಮಾಡಿ, ‘‘ಅಮ್ಮಾ, ಒಕ್ಕಸಾರಿ ಚೂಡಂಡಿ’’ ಎನ್ನುತ್ತಾನೆ. ಮೌಶಿ ನೋಡುತ್ತಾಳೆ. ಆಕೆ ನೋಡಿದಷ್ಟು ಕೂಲಂಕಷವಾಗಿ ಕಣ್ಣಿದ್ದ ನಾವು ಯಾರೂ ನೋಡುವುದಿಲ್ಲ.

ಅಧ್ಯಕ್ಷರ ಭಾಷಣದ ಕೆಳಗೆ ಅಕ್ಷರ ಮೂಡುವಂತಾಯಿತು. ಕಿವಿ ಕೇಳಿಸದ ಅಜ್ಜಿ ಅದನ್ನು ಪೂರ್ತಿ ಓದಿ ಮುಗಿಸಿ, ‘‘ಇಷ್ಟು ದಿನ ಕೇಳಸದ ಇದ್ದದ್ದ ಛಲೋ ಇತ್ತವಾ’’ ಎಂದು ಮೌಶಿಗೆ ಹೇಳಿದರಂತೆ.

ಉಳಿದದ್ದು ಚಿತ್ರಗಳು. ಪ್ರತಿ ಚಿತ್ರದ ಹಿಂದೆ ಅದರಲ್ಲಿ ಏನಿದೆಯೆಂದು ಒಂದೆರಡು ಸಾಲು ಬರೆದಿಟ್ಟರೆ ಮೌಶಿಯ ಫೋನು ಅದನ್ನು ಓದುತ್ತದೆ. ಯಾರು ಬರೆಯಬೇಕು? ಅವರವರ ಚಿತ್ರಕ್ಕೆ ಅವರವರೇ ಎಂದು ತೀರ್ಮಾನವಾಯಿತು. ಅಲ್ಲಿಂದ ಶುರುವಾಯಿತು ನೋಡಿ ಮಜಾ! ಕಾರ್ಯದರ್ಶಿಗಳ ಮನೆಯವರು ಬರೆದರು: ‘ಹಸಿರು ಇಳಕಲ್ ಸೀರೆಯಲ್ಲಿ ಎಲ್ಲರಿಗಿಂತ ಚೆಂದ ಕಾಣುತ್ತಿರುವವರು ಕಾರ್ಯದರ್ಶಿಗಳ ಪತ್ನಿ. ಉಳಿದವರೂ ಇದ್ದಾರೆ.’ ಉಳಿದವರು ಬಿಡುತ್ತಾರೆಯೆ? ಒಂದು ವಾರ ಭಜನೆಯೇ ನಡೆಯಲಿಲ್ಲ.

ಖಜಾಂಚಿಯವರು ಮಿತಭಾಷಿ. ವಾರ್ಷಿಕೋತ್ಸವದ ಚಿತ್ರಕ್ಕೆ ‘ವೇದಿಕೆ. ಅದರ ಮೇಲೆ ಜನ’ ಎಂದು ಬರೆದರು. ಮೌಶಿ ಫೋನು ಮಾಡಿದಳು. ‘‘ಜನ ಅಂದ್ರ ಯಾರ್ರಿ? ಏನ ಮಾಡಾಕತ್ತಾರ? ಇದ್ದದ್ದು ಇದ್ದಂಗ ಬರೀರಿ.’’ ಅವರು ಪ್ರಾಮಾಣಿಕರು. ತಿದ್ದಿ ಬರೆದರು: ‘ಅಧ್ಯಕ್ಷರು ಮಾತಾಡುತ್ತಿದ್ದಾರೆ. ಉಪಾಧ್ಯಕ್ಷರು ನಿದ್ದೆ ಮಾಡುತ್ತಿದ್ದಾರೆ.’ ಉಪಾಧ್ಯಕ್ಷರು ಕೆಂಡವಾಗಿ ಮೌಶಿಯ ಹತ್ತಿರ ನ್ಯಾಯಕ್ಕೆ ಬಂದರು.

‘‘ಫೋಟೋದಾಗ ನೀವ ಮಲಗೀರಿ,’’ ಎಂದಳು ಮೌಶಿ. ‘‘ಬರದದ್ದರಾಗ ನಾ ಹೆಂಗ ಎಬ್ಬಸ್ಲಿ?’’

ಹೀಗೆ ಹೊಸ ಚಿತ್ರಗಳು ಮುಗಿದು ಹಳೆಯವಕ್ಕೆ ಕೈಹಚ್ಚಿದೆವು. ಒಂದು ಮಧ್ಯಾಹ್ನ ಮೌಶಿಯ ಪಕ್ಕದಲ್ಲಿ ಕೂತು ಒಂದೊಂದಾಗಿ ಬರೆಯುತ್ತಿದ್ದವಳು ಗೌರಾಬಾಯಿಯ ಪೋಸ್ಟರಿಗೆ ಬಂದು ನಿಂತೆ. ಮಗ ಬರೆಯಲು ಕೂತು, ತನ್ನಿಂದಾಗದು, ನೀವೇ ಬರೆಯಿರಿ ಎಂದು ನನಗೆ ಹೇಳಿದ್ದ. ಬಿಟ್ಟು ಮುಂದೆ ಹೋಗಲೇ ಎಂದುಕೊಂಡೆ. ನನ್ನ ಕೈ ನಿಂತದ್ದು ಮೌಶಿಗೆ ಗೊತ್ತಾಯಿತು.

‘‘ಗೌರಿದೇನು? ಹೇಳು. ಹೆಂಗದಾಳ?’’

‘‘ನಗಾಕತ್ತಾರ, ಮೌಶಿ. ಕನ್ನಡಕ ಮೂಗಿನ ತುದಿಗೆ ಬಂದೈತಿ. ಹಣಿ ಮ್ಯಾಲಿನ ವಿಭೂತಿ ಅರ್ಧ ಅಳಿಸೈತಿ.’’

‘‘ಹಾಡೂ ಮುಂದ ಬೆವರತಿದ್ಲು. ಆಮ್ಯಾಲೆ?’’

‘‘ಭುಜದ ಮ್ಯಾಲೆ ಯಾರದೋ ಕೈ ಐತಿ. ಮಗ್ಗಲಿಗೆ ನಿಂತವರನ್ನ ಕತ್ತರಿಸಿ ತಗದಾರ. ಕೈ ಒಂದ ಉಳದೈತಿ.’’

‘‘ಯಾರದು?’’

ಚಿತ್ರ ದೊಡ್ಡದು ಮಾಡಿದೆ. ಬಳೆಯಿಲ್ಲದ ಕೈ. ಮಣಿಕಟ್ಟಿನಲ್ಲಿ ಸ್ಟೀಲಿನ ಗಡಿಯಾರ, ಅದರ ಗಾಜು ಮುಚ್ಚಳದಂತೆ ಮೇಲಕ್ಕೆ ತೆರೆದುಕೊಂಡಿತ್ತು. ಮುಳ್ಳುಗಳನ್ನು ಬೆರಳಿಂದ ಮುಟ್ಟಿ ಹೊತ್ತು ತಿಳಿಯುವ ಗಡಿಯಾರ ಅದು. ನಮ್ಮ ಸಂಘದಲ್ಲಿ ಅಂಥದ್ದು ಇರುವುದು ಒಂದೇ ಕೈಯಲ್ಲಿ. ಆ ಕೈ ಈಗ ನನ್ನ ಮೊಣಕಾಲ ಮೇಲಿತ್ತು.

‘‘ನಿಂದ ಐತಿ, ಮೌಶಿ.’’

ಮೌಶಿ ತನ್ನ ಗಡಿಯಾರದ ಗಾಜನ್ನು ಬೆರಳಿಂದ ಸವರಿದಳು. ‘‘ಬರಿ’’ ಎಂದಳು. ಬರೆದೆ. ನನಗೆ ಅಕ್ಷರ ಕಾಣುತ್ತಿರಲಿಲ್ಲ.

‘‘ಅವತ್ತು ಹಾರ ಹಾಕಿ ಇಟ್ಟಿದ್ದು ಇದ ಫೋಟೋ ಏನು?’’

ಇದನ್ನೇ ದೊಡ್ಡದು ಮಾಡಿಸಿ, ಮಣ್ಣಿಗೆ ಒಯ್ಯುವವರೆಗೆ ಅವ್ವನ ತಲೆಯ ಹತ್ತಿರ ಇಟ್ಟಿದ್ದೆವೆಂದು ಗೌರಾಬಾಯಿಯ ಮಗ ಹೇಳಿದ್ದ. ಹೌದೆಂದೆ.

ಮೌಶಿ ತನ್ನ ಫೋನು ತೆಗೆದು, ಆ ಪುಟಕ್ಕೆ ತಾನೇ ಹೋಗಿ ಚಿತ್ರದ ಮೇಲೆ ಬೆರಳಿಟ್ಟಳು. ‘ಗೌರಾಬಾಯಿ ನಗುತ್ತಿದ್ದಾರೆ. ಅವರ ಭುಜದ ಮೇಲೆ ಗೆಳತಿಯ ಕೈ ಇದೆ’ ಎಂದಿತು ಫೋನು. ಬೆರಳು ಎತ್ತಿ ಮತ್ತೆ ಇಟ್ಟಳು. ಫೋನು ಮತ್ತೆ ಹೇಳಿತು.

‘‘ಹಂಗಾದ್ರ ನಾ ಇದ್ನಿ,’’ ಎಂದಳು ಮೌಶಿ. ‘‘ಆಕಿ ಮಣ್ಣಿನ ದಿನ ನಾ ಆಕಿ ಮಗ್ಗಲದಾಗ ಇದ್ನಿ.’’